ತಪ್ಪು ವೀಸಾದಲ್ಲಿ ವೇದಿಕೆ ಏರಿದವರು: ಗಡೀಪಾರು ಸರಿಯೇ?

ವೈಟ್‌ಫೀಲ್ಡ್‌ನ ಬ್ರೂಪಬ್‌ಗಳಲ್ಲಿ ಶನಿವಾರ ರಾತ್ರಿ ಸ್ಯಾಕ್ಸೊಫೋನ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಫ್ಯಾಮಿಲಿ ಡೇಗೆ ಬೆಂಕಿಯಾಟ, ಪೀಣ್ಯ ದಾಟಿದರೆ ಮಾದಾವರದ ಮೈದಾನದಲ್ಲಿ ಅಂತರರಾಷ್ಟ್ರೀಯ ತಾರೆಯರು. ವಿದೇಶಿ ಕಲಾವಿದರು ಬೆಂಗಳೂರಿನ ಹೊರವಲಯಕ್ಕೆ ಈಗ ಹೊಸಬರಲ್ಲ. ಆದರೆ ಪ್ರವಾಸಿ ವೀಸಾದಲ್ಲಿ ಬಂದವರು ದುಡಿದು ಸಂಪಾದಿಸುವಂತಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ವೀಸಾ ಷರತ್ತು ಮೀರಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ಜೊತೆಗೆ ಗಡೀಪಾರು ಮಾಡಿ ಕಪ್ಪುಪಟ್ಟಿಗೆ ಸೇರಿಸಬಹುದು. ಇದು ಸರಿಯೇ?

ಪರ

ಸರಿ. ಯಾಕೆಂದರೆ ದಾರಿ ಇದ್ದೂ ಬೇಲಿ ಹಾರಿದವರಿವರು. ಹೋಟೆಲು, ಕ್ಲಬ್ಬುಗಳಲ್ಲಿ ಒಪ್ಪಂದದ ಮೇಲೆ ನಿಯಮಿತವಾಗಿ ಕಾರ್ಯಕ್ರಮ ಕೊಡುವ ಕಲಾವಿದರಿಗೆಂದೇ ಎಂಪ್ಲಾಯ್‌ಮೆಂಟ್ ವೀಸಾ ಇದೆ. ಆದಾಯ ತೆರಿಗೆಯವರಿಗೂ ಇಂಥವರ ನೆನಪಿದೆ: ಅನಿವಾಸಿ ಕಲಾವಿದರ ಸಂಭಾವನೆಗೆ 2012ರಿಂದ ಶೇ 20 ತೆರಿಗೆ, ಅದನ್ನು ಹಣ ಕೊಡುವವರೇ ಮುರಿದುಕೊಳ್ಳಬೇಕು. ವೀಸಾ ಮುಚ್ಚಿಟ್ಟ ಆಯೋಜಕ ಈ ತೆರಿಗೆಯನ್ನು ಮಾತ್ರ ಪ್ರಾಮಾಣಿಕವಾಗಿ ಕಟ್ಟುತ್ತಾನೆಂದು ನಂಬುವವರಾರು? ಕೈಯಿಂದ ಕೈಗೆ ನಗದು, ರಸೀದಿ ಇಲ್ಲ. ಪೂರ್ತಿ ತೆರಿಗೆ ಕಟ್ಟುವ ಇಲ್ಲಿನ ಬ್ಯಾಂಡು ಅದೇ ವೇದಿಕೆಗೆ ದುಬಾರಿಯಾಗುತ್ತದೆ.

ನಮ್ಮವರು ಹೊರಗೆ ಹೋದಾಗ ಏನಾಗುತ್ತದೆ, ನೋಡಿ. ಯಕ್ಷಗಾನ ಮೇಳವೊಂದು ಸಂಭಾವನೆ ಪಡೆದು ಅಮೆರಿಕದ ಕನ್ನಡ ಕೂಟಗಳಲ್ಲಿ ಆಡಬೇಕಾದರೆ ಪಿ-3 ವೀಸಾ ಬೇಕು. ಅಲ್ಲಿನ ಆಹ್ವಾನಿಸುವವರೇ ಮೊದಲು ಅರ್ಜಿ ಹಾಕಬೇಕು, 2024ರ ಏಪ್ರಿಲ್‌ನಿಂದ ಆ ಅರ್ಜಿಯ ಶುಲ್ಕವೇ ಐನೂರು ಡಾಲರ್ ದಾಟಿದೆ. ಸುಳ್ಳು ಹೇಳಿ ವೀಸಾ ಪಡೆದದ್ದು ಸಾಬೀತಾದರೆ ಆಜೀವ ನಿರ್ಬಂಧಕ್ಕೂ ಅವಕಾಶವಿದೆ. ಭಾಗವತರಿಗೊಂದು ನಿಯಮ, ಡಿಜೆಗೆ ಇನ್ನೊಂದು ಎನ್ನಲಾಗದು.

ಕಾನೂನಿನ ನೆಲೆಯೂ ಗಟ್ಟಿಯಾಗಿದೆ. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ಸುಪ್ರೀಂ ಕೋರ್ಟ್ 1955ರ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿದೆ. ನಿಯಮ ಪಾಲಿಸಿದರೆ ಕಲಾವಿದರಿಗೂ ಒಳ್ಳೆಯದೇ: ಕಾಗದಪತ್ರ ಸರಿಯಿದ್ದರೆ ಸಂಭಾವನೆ ಬಾಕಿಯಾದಾಗ ಠಾಣೆಗೆ ಹೋಗುವ ಧೈರ್ಯವೂ ಬರುತ್ತದೆ.

ವಿರೋಧ

ಆ ಧೈರ್ಯದ ಮಾತಿನಿಂದಲೇ ಶುರುಮಾಡೋಣ. ಆಯೋಜಕ ಹಣ ಕೊಡಲಿಲ್ಲ, ಪಾಸ್‌ಪೋರ್ಟ್ ಇಟ್ಟುಕೊಂಡ, ವೇದಿಕೆಯ ಹೊರಗೂ ಏನೇನೋ ಬೇಡಿದ ಎಂದುಕೊಳ್ಳಿ. ತಪ್ಪು ವೀಸಾದಲ್ಲಿರುವ ನರ್ತಕಿ ದೂರು ಕೊಟ್ಟ ಮರುಗಳಿಗೆಯೇ ಆರೋಪಿಯಾಗುತ್ತಾಳೆ. ಗಡೀಪಾರಿನ ಭಯವೇ ಆಯೋಜಕನ ಕೈಯ ಚಾವಟಿ. ಶಿಕ್ಷೆ ಬಿಗಿಯಾದಷ್ಟೂ ಅವಳ ಬಾಯಿ ಮುಚ್ಚುತ್ತದೆ, ಅವನಿಗೆ ಲಾಭ. ವೀಸಾ ಬಗೆ ಗೊತ್ತಿದ್ದವನು ಅವನು, ಟಿಕೆಟ್ ಮಾರಿದವನೂ ಅವನೇ. ವಿಮಾನ ಹತ್ತಿಸುವುದು ಮಾತ್ರ ಅವಳನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಆಯೋಜಕನನ್ನು ಹಿಡಿಯಲು ಕಾನೂನು ಇರಲಿಲ್ಲವೆಂದಲ್ಲ: ಉಲ್ಲಂಘನೆಗೆ ಕುಮ್ಮಕ್ಕು ಕೊಟ್ಟವರನ್ನೂ ಶಿಕ್ಷಿಸುವ ಸೆಕ್ಷನ್ 2004ರಲ್ಲೇ ಹಳೆಯ ವಿದೇಶಿಯರ ಕಾಯ್ದೆಗೆ ಸೇರಿತ್ತು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರ ಸಲ್ಲಿಸುವುದು ಹೋಟೆಲಿನವರ ಹೊಣೆ. ಅಂದರೆ ಯಾವ ವೀಸಾದಲ್ಲಿ ಯಾರು ಎಲ್ಲಿ ತಂಗಿದ್ದಾರೆಂಬ ಮಾಹಿತಿ ಸರ್ಕಾರದ ಬಳಿ ಇದ್ದೇ ಇರುತ್ತದೆ. ನಿಜವಾಗಿ ತಡೆಯಬೇಕೆಂದಿದ್ದರೆ ಕಾರ್ಯಕ್ರಮದ ಮುಂಚೆಯೇ ತಡೆಯಬಹುದಲ್ಲ.

ದಾರಿ ಇದೆ ಎಂದಿರಿ. ಅದು ಯಾರಿಗೆ ಮಾಡಿದ ದಾರಿ? ಎಂಪ್ಲಾಯ್‌ಮೆಂಟ್ ವೀಸಾಗೆ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳದ ಮಿತಿಯನ್ನು ಇಟ್ಟದ್ದು ಐಟಿ ಎಂಜಿನಿಯರನ್ನೋ ಕಾರ್ಖಾನೆಯ ತಜ್ಞನನ್ನೋ ಕಣ್ಣಮುಂದಿಟ್ಟುಕೊಂಡು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗಳ ಶಿಕ್ಷಕರಿಗೆ, ವಿದೇಶಿ ಅಡುಗೆಯವರಿಗೆ ವಿನಾಯಿತಿ ಇದೆ. ವಾರಾಂತ್ಯಕ್ಕೆ ಪಿಟೀಲು ನುಡಿಸುವವನಿಗೆ ಈ ಅಳತೆಯ ಅಂಗಿ ಕೂರುವುದಿಲ್ಲ. ಇಲ್ಲಿಗೆ ಬಂದಿಳಿದ ಮೇಲೆ ಪ್ರವಾಸಿ ವೀಸಾವನ್ನು ಉದ್ಯೋಗ ವೀಸಾ ಮಾಡಿಸಿಕೊಳ್ಳಲು ಶಾಂತಿನಗರದ ವಿದೇಶಿಯರ ಪ್ರಾದೇಶಿಕ ನೋಂದಣಿ (ಎಫ್‌ಆರ್‌ಆರ್‌ಒ) ಕಚೇರಿಗೆ ಅಲೆದರೂ ಆಗದು. ಬ್ರಿಟನ್ ನೋಡಿ: ಮುಂಚಿತವಾಗಿ ಆಹ್ವಾನ ಪಡೆದ ವೃತ್ತಿಪರ ಕಲಾವಿದರು ಸಂದರ್ಶಕ ವೀಸಾದಲ್ಲೇ ಬಂದು, ಬಂದ 30 ದಿನಗಳೊಳಗೆ ಸಂಭಾವನೆ ಪಡೆದು ಕಾರ್ಯಕ್ರಮ ಕೊಡಬಹುದು. 2024ರ ಜನವರಿ 31ರಿಂದ ಅಲ್ಲಿ ಇದೇ ಪದ್ಧತಿ. ಅಮೆರಿಕದ ಬಿಗಿಯನ್ನೇ ಯಾಕೆ ಮಾದರಿ ಮಾಡಿಕೊಳ್ಳಬೇಕು?

ಇನ್ನು ದೊಡ್ಡವರ ಕಥೆ. 2025ರ ಫೆಬ್ರುವರಿ 9ರಂದು ಬ್ರಿಟನ್‌ನ ತಾರಾ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟ್ ಫುಟ್‌ಪಾತ್‌ನಲ್ಲಿ ಹಾಡುತ್ತಿದ್ದಾಗ ಪೊಲೀಸರು ಮೈಕಿನ ವೈರು ಕಿತ್ತರು. ಅದು ವೀಸಾದ ತಕರಾರಲ್ಲ, ಅನುಮತಿಯದು. ಸಂಜೆ ಅವರು ಮಾದಾವರದಲ್ಲಿ ಹಾಡಿಯೇ ಹಾಡಿದರು. ತಾರೆಯ ಹಿಂದೆ ವಕೀಲರು, ಕಂಪನಿ, ಕಾಗದಪತ್ರ ಎಲ್ಲ ಇರುತ್ತವೆ. ಹೆಸರಿಲ್ಲದ ಕಲಾವಿದೆ ಸಿಕ್ಕಿಬಿದ್ದರೆ ಗಡೀಪಾರು ಆಗುವವರೆಗೆ ನೆಲಮಂಗಲ ಬಳಿಯ ಸೊಂಡೆಕೊಪ್ಪದ ವಿದೇಶಿಯರ ಬಂಧನ ಕೇಂದ್ರದಲ್ಲಿ ಕಾಯಬೇಕಾದೀತು. ಮಾದಾವರದ ಮೈದಾನದಿಂದ ಅದೇನೂ ಬಹಳ ದೂರವಿಲ್ಲ.

ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಮತ್ತೆ ಮತ್ತೆ ಮೋಸ ಮಾಡುವವರನ್ನು ಕಳುಹಿಸಿ. ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡ ಹಾಕಿ, ಕಪ್ಪುಪಟ್ಟಿಗೆ ಸೇರಿಸದೆ ಊರಿಗೆ ಮರಳಲು ಬಿಡಿ. ಕೊಡಬೇಕಾದ ಸಂಭಾವನೆಯನ್ನು ಆಯೋಜಕನಿಂದ ವಸೂಲು ಮಾಡಿಸಿ. ಕಾರ್ಯಕ್ರಮದ ಲೈಸೆನ್ಸಿಗೆ ಅರ್ಜಿ ಬಂದಾಗಲೇ ಕಲಾವಿದರ ವೀಸಾ ಪ್ರತಿ ಕೇಳಿ, ಅದಿಲ್ಲದೆ ವೇದಿಕೆ ಹತ್ತಿಸಿದ ಆಯೋಜಕನ ಲೈಸೆನ್ಸನ್ನೇ ರದ್ದುಮಾಡಿ.