ಎಚ್ಚರಿಕೆಗೂ ಎಚ್ಚರ ಬೇಕು

2013ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ‘ಫೈಲಿನ್’ ಚಂಡಮಾರುತ ಬಲಗೊಳ್ಳುತ್ತಿದ್ದಾಗ, ಉಪಗ್ರಹ ಚಿತ್ರಗಳ ಮೇಲೆ ಕಣ್ಣಿಟ್ಟಿದ್ದ ವಿದೇಶಿ ಹವಾಮಾನಾಸಕ್ತರು ಭಾರತೀಯ ಹವಾಮಾನ ಇಲಾಖೆ ಗಾಳಿಯ ವೇಗವನ್ನು ಕಡಿಮೆ ಅಂದಾಜಿಸುತ್ತಿದೆಯೆಂದು ಆಕ್ಷೇಪಿಸಿದರು. ಇಲಾಖೆ ತನ್ನ ನಿಲುವು ಬದಲಿಸಲಿಲ್ಲ. ಅಕ್ಟೋಬರ್ 12ರ ರಾತ್ರಿ ಗೋಪಾಲಪುರದ ಬಳಿ ಚಂಡಮಾರುತ ದಡ ಮುಟ್ಟಿದಾಗ ಇಲಾಖೆಯ ಅಂದಾಜೇ ವಾಸ್ತವಕ್ಕೆ ಹತ್ತಿರವಾಗಿತ್ತು.

1999ರಲ್ಲಿ ಸುಮಾರು 10 ಸಾವಿರ ಜನರನ್ನು ಕಳೆದುಕೊಂಡಿದ್ದ ಒಡಿಶಾದಲ್ಲಿ ಈ ಬಾರಿ ಸಾವಿನ ಸಂಖ್ಯೆ ಹತ್ತಾರರಲ್ಲೇ ನಿಂತಿತು. ಜೀವ ಉಳಿಸಿದ್ದು ವೇಗದ ಕುರಿತಾದ ವಾಗ್ವಾದವಲ್ಲ. ಮುನ್ಸೂಚನೆಯನ್ನು ನಂಬಿ ಲಕ್ಷಾಂತರ ಜನ ಮೊದಲೇ ಸುರಕ್ಷಿತ ಸ್ಥಳ ಸೇರಿದ್ದು. ಆಸಕ್ತರ ಕುತೂಹಲ ತಪ್ಪಲ್ಲ. ಆದರೆ ಅತಿರಂಜಿತ ಎಚ್ಚರಿಕೆ ಒಮ್ಮೆ ಹುಸಿಯಾದರೆ, ಮುಂದಿನ ಸಲ ಕರಾವಳಿಯ ಮೀನುಗಾರ ಮನೆ ಬಿಟ್ಟು ಕದಲಲಾರ. ಆ ನಂಬಿಕೆಯನ್ನು ಕಾಯುವುದು ದೂರದಿಂದ ನೋಡುವವರ ಹೊಣೆಯೂ ಹೌದು.