ಕರ ಎಕರೆಗೆ ಬ್ಯಾಡ, ಅಳೆದ ನೀರಿಗೆ ಹಾಕ್ರಿ

ಕಾಲುವೆ ನೀರಿನ ದರ ಏರಿಸಿದ್ರೆ ರೈತ ನೀರು ಉಳಿಸ್ತಾನ ಅಂತ ಭಾಳ ಮಂದಿ ಹೇಳ್ತಾರ. ತುಂಗಭದ್ರಾ ಎಡದಂಡೆಯ ಕೊನೇ ಭಾಗದವನಾಗಿ ಹೇಳ್ತೀನಿ, ಈಗಿನ ಪದ್ಧತಿಯೊಳಗ ಅದು ಆಗದ ಮಾತು.

ನಮ್ಮಲ್ಲಿ ಕರ ಇರೋದು ಎಕರೆಗೆ, ನೀರಿಗಲ್ಲ. ಯಾವ ಬೆಳೆ, ಎಷ್ಟು ಎಕರೆ, ಇಷ್ಟೇ ಲೆಕ್ಕ. 69ನೇ ಮೈಲಿಗೆ, 104ನೇ ಮೈಲಿಗೆ ಗೇಜ್ ನೋಡ್ತಾರ. ಹೊಲದ ತೂಬಿನಾಗ ಎಷ್ಟು ಹೋಯ್ತು ಅಂತ ಅಳೆಯೋರಿಲ್ಲ. ನೀರು ಉಳಿಸಿದವನಿಗೂ ಹಳ್ಳಕ್ಕ ಹರಿಬಿಟ್ಟವನಿಗೂ ಒಂದೇ ಕರ. ಹಂಗಿದ್ದಮ್ಯಾಲೆ ದರ ಎರಡು ಪಟ್ಟು ಮಾಡಿದ್ರೂ ರಾತ್ರಿ ಎದ್ದು ತೂಬು ಮುಚ್ಚೋರು ಯಾರು?

ಪಾಲು ಗೊತ್ತು ಮಾಡಿಲ್ಲ ಅಂತಲ್ಲ. ಸುಮಾರು 6 ಲಕ್ಷ ಎಕರೆಗೆ ನೀರು ಮುಟ್ಟಲಿ ಅಂತನೇ ಹೆಚ್ಚಿನ ಹೊಲಗಳನ್ನ ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗೆ ಗುರುತಿಸಿದ್ರು. ಆದ್ರ ಮೇಲ್ಭಾಗದಾಗ ಭತ್ತ ತುಂಬೇತಿ. ಎಕರೆ ಭತ್ತಕ್ಕೆ 1,200 ಮಿ.ಮೀ. ನೀರು ಅಂತ ಹಿಡಿದ್ರೂ 48 ಲಕ್ಷ ಲೀಟರ್ ದಾಟ್ತದ. ಅಷ್ಟರಾಗ ಎರಡು ಎಕರೆ ಜೋಳ ಬರ್ತದ. ಕಟ್ಟಿದಾಗ 133 ಟಿಎಂಸಿ ಹಿಡೀತಿದ್ದ ಡ್ಯಾಮು ಹೂಳು ತುಂಬಿ ಸುಮಾರು 105ಕ್ಕೆ ಇಳಿದೈತಿ.

ಮೇಲಿನ ಅಣ್ಣತಮ್ಮಂದಿರನ್ನ ಬೈದು ಉಪಯೋಗಿಲ್ಲ. ಅವರಿಗೆ ನೀರು ಖಾತ್ರಿ, ರೈಸ್ ಮಿಲ್ಲು ಹತ್ರ, ಭತ್ತ ಕೊಳ್ಳೋರು ಇದ್ದಾರ. ಜೋಳ ಬೆಳೀರಿ ಅಂತ ಬುದ್ಧಿ ಹೇಳೋರು ಜೋಳ ಖರೀದಿಗೂ ಅಷ್ಟೇ ಗ್ಯಾರಂಟಿ ಕೊಡಬೇಕಲ್ಲ?

ನಮ್ಮ ಕಡೆ ಲೆಕ್ಕ ಬ್ಯಾರೆ. ನೀರು ಯಾವ ವಾರ ಬರ್ತದ ಗೊತ್ತಿಲ್ಲ ಅಂದ್ರ ರೈತ ಹೊಲಕ್ಕ ದುಡ್ಡು ಹಾಕಲ್ಲ. ಹತ್ತಿ ಕಾಯಿ ಕಟ್ಟೋ ಹೊತ್ತಿಗೆ ಒಂದು ನೀರು ತಪ್ಪಿದ್ರೆ ಹಾಕಿದ ಗೊಬ್ಬರ ಎಲ್ಲಾ ದಂಡ. ಅದಕ್ಕ ಕಾಲುವೆ ಪಕ್ಕದ ಹೊಲದಾಗೂ ನೀರು ನೆಚ್ಚದೆ, ಹಸಿ ನೋಡಿ ಕಡ್ಲಿ ಬಿತ್ತಿ ಸುಮ್ಮನಾಗ್ತೀವಿ. ಕರ ಅಗ್ಗ ಇದ್ದು ಏನು ಬಂತು? ಬಾರದ ನೀರಿನ ನಷ್ಟ ಕರಕ್ಕಿಂತ ನೂರು ಪಾಲು ದೊಡ್ಡದು.

ನಾನು ಕೇಳೋದು ಮೂರೇ. ಪ್ರತಿ ಉಪಕಾಲುವೆಗೂ ಇಷ್ಟು ನೀರು ಅಂತ ಬಿತ್ತನೆಗಿಂತ ಮುಂಚೆ ದಿನಾಂಕ ಸಮೇತ ಹೇಳ್ರಿ. ಅಲ್ಲೇ ಅಳೆದು ನೀರು ಬಳಕೆದಾರರ ಸಂಘಕ್ಕೆ ಕರ ಹಾಕ್ರಿ, ಒಳಗ ಹಂಚಿಕೊಳ್ಳೋದು ನಮಗ ಬಿಡ್ರಿ. ಕೊಡದ ನೀರಿಗೆ ಕರ ಕೇಳಬ್ಯಾಡ್ರಿ.

ನಮ್ಮವರಿಗೂ ಒಂದು ಮಾತು. ಅಳತೆ ಬಂದ್ರ ಕರ ಕಟ್ಟಬೇಕಾಗ್ತದ, ಪುಕ್ಕಟೆ ಅನ್ನೋದು ಬಿಡಬೇಕಾಗ್ತದ. ನಾನಂತೂ ತಯಾರ್ ಅದೀನಿ. ಮುಂದಿನ ನೀರಾವರಿ ಸಲಹಾ ಸಮಿತಿ ಸಭೆ ಹೊತ್ತಿಗೆ ಮನವಿ ಕೊಡೋರು "ನೀರು ಬಿಡ್ರಿ" ಅಂತಷ್ಟೇ ಬರೀಬ್ಯಾಡ್ರಿ, "ಅಳೆದು ಬಿಡ್ರಿ" ಅಂತ ಬರೀರಿ.