ಗಾಜಿನ ತೊಟ್ಟಿಯ ಕಪ್ಪೆಯೂ ಒಂದು ಅಮಾನತ್ತು

ಮನೆಯೊಳಗೆ ಕಪ್ಪೆ ಸಾಕಬಹುದೇ ಎಂಬ ಪ್ರಶ್ನೆಯನ್ನು ಇತ್ತೀಚೆಗೆ ವಿದ್ಯಾರ್ಥಿಗಳು ನಮ್ಮ ಮುಂದಿಡುತ್ತಿದ್ದಾರೆ. ಮಳೆಗಾಲದಲ್ಲಿ ಜಗಲಿ ಏರಿದ ಕಪ್ಪೆಯನ್ನು ಪೊರಕೆಯಿಂದ ಹೊರಗಟ್ಟುತ್ತಿದ್ದ ಹಿರಿಯರಿಗೆ ಇದು ನಗು ತರಿಸೀತು. ಆದರೆ ಮಕ್ಕಳು ಕೇಳುತ್ತಿರುವುದು ಅಂಗಳದ ಕಪ್ಪೆಯ ಕುರಿತಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಬಣ್ಣದ ಮೀನುಗಳ ಪಕ್ಕದಲ್ಲಿ ಮಾರಾಟಕ್ಕಿರುವ, ಹೆಬ್ಬೆರಳಿನ ಗಾತ್ರವನ್ನು ಮೀರದ, ಬದುಕಿಡೀ ನೀರಿನಲ್ಲೇ ಕಳೆಯುವ ಆಫ್ರಿಕಾದ ಕುಬ್ಜ ಕಪ್ಪೆಯ ಕುರಿತು. ಅಗ್ಗವಾಗಿ ಸಿಗುತ್ತದೆ, ಸದ್ದಿಲ್ಲ, ಜಾಗ ಬೇಡ ಎಂಬ ಮಾತನ್ನು ನಂಬಿ ಹೆತ್ತವರು ಕೊಡಿಸಿಬಿಡುತ್ತಾರೆ. ಪ್ರಶ್ನೆ ಹುಟ್ಟುವುದು ಕಪ್ಪೆ ಮನೆಗೆ ಬಂದ ಮೇಲೆ.

ಸಾಕುವುದು ನಿಷಿದ್ಧವೆಂದು ನಾವು ಹೇಳುವುದಿಲ್ಲ. ಅನಸ್(ರ)ರವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಹಕ್ಕಿಯನ್ನು ಸಾಕಿದ್ದರು. ಪ್ರವಾದಿ(ಸ) ಅದನ್ನು ತಡೆಯಲಿಲ್ಲ. ಆ ಹಕ್ಕಿ ಸತ್ತಾಗ ಬಾಲಕನನ್ನು ಅಕ್ಕರೆಯಿಂದ ಮಾತನಾಡಿಸಿದರು. ಇದರ ಆಧಾರದಲ್ಲಿ, ಅನ್ನ ನೀರಿಗೆ ಲೋಪವಾಗದಿದ್ದರೆ ಪ್ರಾಣಿಯನ್ನು ಮನೆಯಲ್ಲಿ ಇರಿಸಿಕೊಳ್ಳಬಹುದೆಂದು ವಿದ್ವಾಂಸರು ವಿವರಿಸಿದ್ದಾರೆ. ಬೆಕ್ಕನ್ನು ಕೂಡಿಹಾಕಿ ನರಕಕ್ಕೆ ಪಾತ್ರಳಾದ ಮಹಿಳೆಯ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಕೆ ಅದಕ್ಕೆ ತಾನೂ ಉಣಿಸಲಿಲ್ಲ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ. ಇನ್ನು ಕಪ್ಪೆಯ ಕುರಿತೇ ಪ್ರತ್ಯೇಕ ವರದಿಯೊಂದು ಅಬೂದಾವೂದ್‌ನಲ್ಲಿದೆ: ಔಷಧಕ್ಕೆ ಕಪ್ಪೆಯನ್ನು ಬಳಸುವ ಬಗ್ಗೆ ವೈದ್ಯರೊಬ್ಬರು ಕೇಳಿದಾಗ ಪ್ರವಾದಿ(ಸ) ಅದನ್ನು ಕೊಲ್ಲದಂತೆ ತಡೆದರು. ರೋಗಿಯ ಔಷಧಕ್ಕೂ ಕೊಲ್ಲಬಾರದೆಂದ ಜೀವವನ್ನು ಮೇಜಿನ ಅಲಂಕಾರಕ್ಕೆಂದು ತಂದು ಸಾಯಗೊಡುವುದು ಹೇಗೆ ಸರಿಯಾದೀತು? ಆದ್ದರಿಂದ ಸಾಕಬಹುದೇ ಎನ್ನುವುದಕ್ಕಿಂತ, ಅದನ್ನು ಬದುಕಿಸಲು ನಮಗೆ ಬರುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಬದುಕಿಸಬೇಕಾದರೆ ಅದರ ಸೃಷ್ಟಿಯ ರೀತಿಯನ್ನು ತಿಳಿಯಬೇಕು. ಕಾಂಗೋ, ಕ್ಯಾಮರೂನ್, ನೈಜೀರಿಯಾಗಳ ಕಾಡಿನ ನಿಧಾನ ನೀರು ಇದರ ತವರು. ನೀರಿನಲ್ಲೇ ಇದ್ದರೂ ಇದು ಮೀನಲ್ಲ. ಶ್ವಾಸಕೋಶದಿಂದ ಉಸಿರಾಡುತ್ತದೆ, ಮತ್ತೆ ಮತ್ತೆ ಮೇಲಕ್ಕೆ ಬಂದು ಗಾಳಿ ಕುಡಿದು ಇಳಿಯುತ್ತದೆ. ತೊಟ್ಟಿ ತೀರಾ ಆಳವಾಗಿದ್ದರೆ ಈ ಪುಟ್ಟ ಜೀವಕ್ಕೆ ಪ್ರತಿ ಉಸಿರೂ ದುಡಿಮೆ. ನೀರು ಸುಮಾರು 24ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕು, ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದಿರಬೇಕು, ಫಿಲ್ಟರಿನ ಸೆಳೆತ ಮೆದುವಾಗಿರಬೇಕು, ಮೇಲೆ ಮುಚ್ಚಳವಿರಬೇಕು. ಹೊರಗೆ ಹಾರಿಬಿದ್ದರೆ ಚರ್ಮ ಒಣಗಿ ಬೇಗನೆ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಊಟ. ಈ ಕಪ್ಪೆಗೆ ನಾಲಿಗೆಯೇ ಇಲ್ಲ, ದೃಷ್ಟಿಯೂ ಮಂದ. ವಾಸನೆಯನ್ನೂ ನೀರಿನ ಅಲುಗಾಟವನ್ನೂ ಹಿಡಿದು ತಡವರಿಸುತ್ತಾ ಬಂದು, ಬಾಯಿಗೆ ಸಿಕ್ಕಿದ್ದನ್ನು ಮುಂಗೈಗಳಿಂದ ಒಳಕ್ಕೆ ತುರುಕಿಕೊಳ್ಳುತ್ತದೆ. ಚುರುಕಾದ ಮೀನುಗಳ ನಡುವೆ ಬಿಟ್ಟರೆ ಇದು ತುತ್ತಿನ ಬಳಿಗೆ ಬರುವಷ್ಟರಲ್ಲಿ ತಟ್ಟೆ ಖಾಲಿ. ಮನೆಯವರು ದಿನಾಲೂ ಆಹಾರ ಹಾಕುತ್ತಿರುತ್ತಾರೆ, ಕಪ್ಪೆ ದಿನಾಲೂ ಹಸಿದಿರುತ್ತದೆ! ತೇಲುವ ಒಣ ಪದರಗಳನ್ನು ಹಾಕಿ ಕರ್ತವ್ಯ ಮುಗಿಯಿತೆಂದುಕೊಂಡರೆ ಬೆಕ್ಕಿನ ಆ ಮಹಿಳೆಗೂ ನಮಗೂ ಎಷ್ಟು ಅಂತರ ಉಳಿದೀತು? ಶೈತ್ಯೀಕರಿಸಿದ ಬ್ಲಡ್‌ವರ್ಮ್, ಬ್ರೈನ್ ಶ್ರಿಂಪ್ ಮುಂತಾದುವನ್ನು ಕರಗಿಸಿ ಅದರ ಮೂಗಿನ ಬಳಿಗೇ ಒಯ್ಯಬೇಕು. ಅದು ತಿಂದುದನ್ನು ಕಣ್ಣಾರೆ ನೋಡಬೇಕು.

ಅಂಗಡಿಯಲ್ಲಿ ಇನ್ನೊಂದು ಎಡವಟ್ಟು ನಡೆಯುವುದುಂಟು. ಉಗುರುಗಾಲಿನ ದೊಡ್ಡ ಜಾತಿಯ ಮರಿಯನ್ನೇ ಕುಬ್ಜ ಕಪ್ಪೆಯೆಂದು ಕೊಟ್ಟುಬಿಡುತ್ತಾರೆ. ಅದು ಅಂಗೈಯಷ್ಟು ಬೆಳೆದು ತೊಟ್ಟಿಯ ಸಂಗಾತಿಗಳನ್ನೇ ನುಂಗುತ್ತದೆ. ಮುಂಗಾಲುಗಳ ಬೆರಳುಗಳ ನಡುವೆ ಪೊರೆಯಿದ್ದರೆ ಕುಬ್ಜ, ಬೆರಳುಗಳು ಬಿಡಿಬಿಡಿಯಾಗಿದ್ದರೆ ದೊಡ್ಡ ಜಾತಿ. ಗೊತ್ತಿದ್ದೂ ಹೀಗೆ ಮಾರುವುದು ವ್ಯಾಪಾರದ ವಂಚನೆ. ಅದರ ತೀರ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಿ ಮಾಡಿಸುವ ಹಂಬಲದ ಬಗ್ಗೆ ನಮಗೆ ಹೆಚ್ಚಿನ ಆತಂಕವಿದೆ. ಅದು ಸುಲಭವೆಂಬುದೇ ಆತಂಕಕ್ಕೆ ಕಾರಣ. ಚೆನ್ನಾಗಿ ಉಂಡ ಜೋಡಿಯ ತೊಟ್ಟಿಯಲ್ಲಿ ಕೆಲದಿನ ನೀರು ತಗ್ಗಿಸಿ, ಬಳಿಕ ತುಸು ಬೆಚ್ಚಗಿನ ನೀರಿನಿಂದ ತುಂಬಿದರೆ ಅವು ಮಳೆ ಬಂತೆಂದು ಬಗೆಯುತ್ತವೆ. ಗಂಡು ನೀರಿನಡಿಯಲ್ಲೇ ಗುಂಯ್‌ಗುಟ್ಟುತ್ತದೆ. ಅದರ ಮುಂಗಾಲಿನ ಕಂಕುಳ ಹಿಂದಿರುವ ಬಿಳಿಚುಕ್ಕೆಯೇ ಗಂಡೆಂಬುದರ ಗುರುತು. ಹೆಣ್ಣಿನ ಸೊಂಟವನ್ನು ಹಿಡಿದು ಎರಡೂ ಮೇಲಕ್ಕೇರಿ, ನೀರಿನ ಮೇಲ್ಮೈಯಲ್ಲಿ ಲಾಗ ಹೊಡೆದು, ಒಂದೊಂದು ಲಾಗಕ್ಕೆ ಕೆಲವು ಮೊಟ್ಟೆಗಳನ್ನು ತೇಲಿಬಿಡುತ್ತವೆ. ಇದು ಗಂಟೆಗಟ್ಟಲೆ ಸಾಗುತ್ತದೆ. ಬೆಳಗಾಗುವಾಗ ನೂರಾರು ಮೊಟ್ಟೆ. ಸೃಷ್ಟಿಕರ್ತನ ಕುಶಲತೆಯನ್ನು ಕಂಡು ಯಾರ ನಾಲಿಗೆಯಲ್ಲೂ ಸುಬ್‌ಹಾನಲ್ಲಾಹ್ ಬಾರದಿರದು.

ಆದರೆ ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದು ಹೊರಬರುವ ಗೊದಮೊಟ್ಟೆಗಳು ನಮ್ಮ ಕೆರೆಯ ಗೊದಮೊಟ್ಟೆಗಳಂತೆ ಪಾಚಿ ಕೆರೆದು ಬದುಕುವುವಲ್ಲ. ಇವು ಬೇಟೆಗಾರ ಮರಿಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹೀರಿ ತಿನ್ನುತ್ತವೆ. ಸಜೀವ ಆಹಾರವನ್ನು ಮೊದಲೇ ಬೆಳೆಸಿಟ್ಟುಕೊಂಡು, ದಿನಕ್ಕೆ ಹಲವು ಬಾರಿ, ವಾರಗಟ್ಟಲೆ ಉಣಿಸಬೇಕು. ಆ ಸಿದ್ಧತೆಯಿಲ್ಲದೆ ವಿಡಿಯೋ ಮಾಡುವ ಉತ್ಸಾಹಕ್ಕೆ ಮರಿ ಮಾಡಿಸಿದವರ ತೊಟ್ಟಿಯಲ್ಲಿ ನೂರಾರು ಜೀವಗಳು ಹಸಿವಿನಿಂದ ಸಾಯುತ್ತವೆ. ಸಾಕಬಲ್ಲಷ್ಟು ಮೊಟ್ಟೆಗಳನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು, ಉಳಿದುವನ್ನು ಅಲ್ಲಿಯೇ ಬಿಡುವುದು ಲೇಸು. ತಂದೆ ತಾಯಿಯೇ ಅವನ್ನು ತಿನ್ನುತ್ತವೆ, ನಿಜ; ಅದು ಅವುಗಳ ಸೃಷ್ಟಿಗುಣ. ಮರಿಗಳನ್ನು ಹೊರತಂದು ಉಪವಾಸ ಕೆಡವುವುದಾದರೋ ನಮ್ಮ ಕೈಯ ಕೃತ್ಯ.

ಶುದ್ಧಿಯ ವಿಷಯವನ್ನೂ ಕೆಲವರು ಕೇಳುತ್ತಾರೆ. ಹನಫಿ ಕರ್ಮಶಾಸ್ತ್ರದಲ್ಲಿ ನೀರಿನಲ್ಲೇ ಬದುಕುವ ಕಪ್ಪೆ ನೀರಿನಲ್ಲಿ ಸತ್ತರೆ ಆ ನೀರು ಮಲಿನವಾಗುವುದಿಲ್ಲ. ಹಾಗೆಂದು ಅದು ಆರೋಗ್ಯಕರವೆಂದಲ್ಲ! ಅಮೆರಿಕದಲ್ಲಿ 2009ರಿಂದ 2011ರ ಅವಧಿಯಲ್ಲಿ ಇದೇ ಕುಬ್ಜ ಕಪ್ಪೆಗಳ ತೊಟ್ಟಿಯಿಂದ ಹರಡಿದ ಸಾಲ್ಮೊನೆಲ್ಲಾ ಸೋಂಕು 200ಕ್ಕೂ ಹೆಚ್ಚು ಮಂದಿಯನ್ನು ಕಾಡಿತು. ಅವರಲ್ಲಿ ಬಹುಪಾಲು ಮಕ್ಕಳು. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯದಿರಿ. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮಕ್ಕಳನ್ನು ಊಟಕ್ಕೆ ಕೂರಿಸದಿರಿ. ಐದು ವರ್ಷದೊಳಗಿನ ಮಗುವಿಗೆ ಇದನ್ನು ಉಡುಗೊರೆಯಾಗಿ ಕೊಡುವುದಂತೂ ಬೇಡವೇ ಬೇಡ.

ಬೇಸರ ಬಂದವರು ಕಪ್ಪೆಗಳನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುತ್ತಾರೆ. ಉಗುರುಗಾಲಿನ ಕಪ್ಪೆ ಹೀಗೆ ಮನುಷ್ಯರ ಕೈಯಿಂದ ಹೊರಬಿದ್ದು ಚಿಲಿ, ಫ್ರಾನ್ಸ್‌ಗಳ ಕೆರೆಕಟ್ಟೆಗಳಲ್ಲಿ ನೆಲೆಯೂರಿ ಅಲ್ಲಿನ ಜೀವಿಗಳಿಗೆ ಕಂಟಕವಾಗಿದೆ. ಈ ಕಪ್ಪೆಗಳ ಮೈಯಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರವೂ ಇರಬಹುದು; ಜಗತ್ತಿನ ಹಲವೆಡೆ ಕಪ್ಪೆ ಸಂತತಿಗಳನ್ನೇ ಅಳಿಸಿದ ರೋಗವದು. ಬೇರೆಲ್ಲೂ ಇಲ್ಲದ ಕಪ್ಪೆಗಳು ನಮ್ಮ ಪಶ್ಚಿಮ ಘಟ್ಟದಲ್ಲಿವೆ. ಮಸೀದಿಯ ಹೌಝಿಗೆ ತಂದು ಬಿಡಬಹುದೇ ಎಂದು ಕೇಳಿದವರೂ ಇದ್ದಾರೆ. ಅದೂ ಕೂಡದು. ಐದು ಹೊತ್ತು ಜನ ಮುಖ ತೊಳೆಯುವ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವ ತೊಟ್ಟಿಯಲ್ಲಿ ಕಪ್ಪೆಗೂ ಸುಖವಿಲ್ಲ, ನಮಾಝಿಗೆ ಬಂದವರಿಗೂ ಇಲ್ಲ. ಸಾಕಲಾಗದವರು ಅದನ್ನು ಅರಿತು ಸಾಕಬಲ್ಲ ಮತ್ತೊಂದು ಮನೆಗೆ ಒಪ್ಪಿಸಲಿ. ಅಂತಹವರು ಸಿಗದಿದ್ದರೆ ತಂದ ಅಂಗಡಿಗೇ ಮರಳಿಸಲಿ. ಕೊಡುವಾಗ ಅದು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ.